ಬಾಚಣಿಗೆ ಯಾರ ಕೈಯಲ್ಲಿದೆ?

(ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರೊಬ್ಬರ ಪತ್ರದ ಸಾರ: ನಮ್ಮ ಮನೆಯಲ್ಲಿ ಎರಡು ವರ್ಷದ ಕಾಕಪೂ ಇದೆ. ಪೂಡಲ್ ಮತ್ತು ಕಾಕರ್ ಸ್ಪ್ಯಾನಿಯಲ್ ಬೆರೆತ ಹೆಣ್ಣುನಾಯಿ. ಕೂದಲು ಉದುರುವುದಿಲ್ಲ, ಅಲರ್ಜಿ ಆಗುವುದಿಲ್ಲ, ಮಕ್ಕಳ ಜೊತೆ ಗೊಂಬೆಯ ಹಾಗೆ ಇರುತ್ತದೆ ಎಂದು ಹೇಳಿ ಮಾರಿದರು. ಈಗ ನೋಡಿದರೆ ಮೈತುಂಬ ಗಂಟು, ಕಿವಿಯಲ್ಲಿ ವಾಸನೆ. ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ. ನಮ್ಮ ಯಜಮಾನರಿಗೆ ಸೀನು ನಿಲ್ಲುವುದಿಲ್ಲ. "ಕ್ರಾಸ್ ನಾಯಿಗೆ ಬುದ್ಧಿ ಒಂದು ಕಡೆ ನಿಲ್ಲಲ್ಲ, ಶುದ್ಧ ತಳಿ ತರಬೇಕಿತ್ತು" ಎನ್ನುತ್ತಾರೆ ಮೈದುನ. ನಾವು ತಪ್ಪು ಮಾಡಿದೆವೇ? ಒಂದು ಸಲ ಮರಿ ಹಾಕಿಸಿದರೆ ಶಾಂತವಾಗುತ್ತದೆಯೇ?)

ತಾಯಿ, ನಿಮ್ಮ ಪತ್ರ ಓದುತ್ತಾ ಬಂದವನು ಮೈದುನನ ತೀರ್ಪಿನ ಹತ್ತಿರ ಪೆನ್ನು ಕೈಗೆತ್ತಿಕೊಂಡೆ. ಕಿವಿ, ಕೂದಲು, ಸೀನು ಎಲ್ಲಕ್ಕೂ ಬರುತ್ತೇನೆ, ಮೊದಲು ಅವರದ್ದು ಮುಗಿಸಿಬಿಡೋಣ.

ಅವರ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ಶುದ್ಧ ತಳಿಯ ಮರಿ ತಂದರೆ ಅದು ಬೆಳೆದ ಮೇಲೆ ಎಷ್ಟು ಎತ್ತರ, ಎಂಥ ಕೂದಲು ಎಂಬ ಅಂದಾಜು ಮೊದಲೇ ಸಿಗುತ್ತದೆ. ಕಾಕಪೂ ವಿಷಯದಲ್ಲಿ ಆ ಅಂದಾಜು ಸಡಿಲ. ಇಷ್ಟು ಅವರಿಗೆ ಸಲ್ಲಬೇಕು, ಸಲ್ಲಿಸಿದ್ದೇನೆ.

ಇನ್ನು "ಶುದ್ಧ" ಎಂಬುದರ ಚರಿತ್ರೆ. ನಾಯಿಗಳ ತಳಿ ದಾಖಲಿಸುವ ಕೆನಲ್ ಕ್ಲಬ್ ಲಂಡನ್ನಿನಲ್ಲಿ ಹುಟ್ಟಿದ್ದು 1873ರಲ್ಲಿ, ಅಮೆರಿಕದ್ದು 1884ರಲ್ಲಿ. ನಾಯಿ ಮನುಷ್ಯನ ಬಾಗಿಲಲ್ಲಿ ಮಲಗಲು ಶುರುಮಾಡಿ ಎಷ್ಟೋ ಸಾವಿರ ವರ್ಷಗಳಾದ ಮೇಲೆ ಬಂದ ರಿಜಿಸ್ಟರ್ ಪುಸ್ತಕಗಳಿವು. ಮೈದುನನವರು ಕಾಕರ್ ಸ್ಪ್ಯಾನಿಯಲನ್ನು ಶುದ್ಧ ಎಂದುಕೊಂಡಿದ್ದಾರಲ್ಲ, ಅದರ ಕಥೆ ಕೇಳಿ. ಹತ್ತೊಂಬತ್ತನೇ ಶತಮಾನ ಮುಗಿಯುವವರೆಗೂ ಇಂಗ್ಲೆಂಡಿನಲ್ಲಿ ಒಂದೇ ತಾಯಿಯ ಒಂದೇ ಸೂಲಿನ ಮರಿಗಳಲ್ಲಿ 25 ಪೌಂಡಿನೊಳಗೆ ತೂಗಿದ್ದು ಕಾಕರ್, ಅದಕ್ಕಿಂತ ಹೆಚ್ಚು ತೂಗಿದ್ದು ಸ್ಪ್ರಿಂಗರ್. ಅಣ್ಣ ಒಂದು ತಳಿ, ತಮ್ಮ ಇನ್ನೊಂದು! ಆ ತೂಕದ ಕಟ್ಟು ಬಿದ್ದುಹೋದದ್ದು 1901ರಲ್ಲಿ. ತಕ್ಕಡಿಯಿಂದ ಹುಟ್ಟಿದ ಕುಲಕ್ಕೆ ಇಷ್ಟೊಂದು ಬಿಗುಮಾನವೇ? ಮನುಷ್ಯರ ನಡುವೆ ಕುಲದ ಲೆಕ್ಕ ಹಾಕಿ ಹಾಕಿ ಬೇಸರ ಬಾರದವರು ನಾಯಿಗೂ ಗೋತ್ರ ಕೇಳುತ್ತಾರೆ.

ಹಾಗಂತ ಕ್ರಾಸ್ ಆದರೆ ರೋಗವೇ ಬರುವುದಿಲ್ಲ ಎಂದು ಮಾರುವವರನ್ನೂ ನಾನು ಸುಮ್ಮನೆ ಬಿಡುವವನಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂ ಎಂಬ ಪೂಡಲ್ ಬೆರೆತ ಮೂರು ಮಿಶ್ರತಳಿಗಳನ್ನೂ ಅವುಗಳ ತಂದೆತಾಯಿ ತಳಿಗಳನ್ನೂ ಎದುರುಬದುರು ಇಟ್ಟು 57 ಕಾಯಿಲೆಗಳನ್ನು ಹೋಲಿಸಿದ್ದರು. ನಾಯಿಗಳ ಸಂಖ್ಯೆ 9,400ಕ್ಕೂ ಮೇಲೆ. ನೂರಕ್ಕೆ 86ಕ್ಕಿಂತ ಹೆಚ್ಚು ಹೋಲಿಕೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮೈದುನನೂ ಸೋತರು, ನಿಮಗೆ ಮರಿ ಮಾರಿದವರೂ ಸೋತರು.

ಈಗ ಯಜಮಾನರ ಸೀನು. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುವ ಪ್ರೋಟೀನುಗಳು. ಕೂದಲು ಉದುರದ ಪೂಡಲ್ ನೆಕ್ಕುವುದಿಲ್ಲವೇ? ಅದಕ್ಕೆ ಚರ್ಮವಿಲ್ಲವೇ? ನೆದರ್ಲೆಂಡ್ಸಿನ ಸಂಶೋಧಕರು 2012ರಲ್ಲಿ ಅಳೆದು ನೋಡಿದಾಗ "ಅಲರ್ಜಿ ತರದ" ತಳಿಗಳ ಕೂದಲಿನಲ್ಲಿ ಆ ಪ್ರೋಟೀನು ಉಳಿದ ನಾಯಿಗಳದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಆ ನಾಯಿಗಳಿದ್ದ ಮನೆಯ ಗಾಳಿಯಲ್ಲೂ ಅದು ಕಡಿಮೆ ಇರಲಿಲ್ಲ. ಈ ನಂಬಿಕೆಗೆ ದೊಡ್ಡ ಪ್ರಚಾರ ಸಿಕ್ಕ ಕಥೆಯೇ ಬಲು ಚೆನ್ನಾಗಿದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್, ಹವಾಯಿಯ ಕಣ್ಣು ಕಾಣದ ಮಹಿಳೆಯೊಬ್ಬರಿಗಾಗಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಆಕೆಯ ಗಂಡನಿಗೆ ನಾಯಿ ಅಂದರೆ ಅಲರ್ಜಿ. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲು ಕಳಿಸಿ ಪರೀಕ್ಷಿಸಿದರೆ ಆ ಗಂಡನಿಗೆ ಒಗ್ಗಿದ್ದು ಒಂದೇ ಒಂದು. ಒಡಹುಟ್ಟಿದ ಉಳಿದೆರಡು ಒಗ್ಗಲಿಲ್ಲ. ಜಗತ್ತು ನೆನಪಿಟ್ಟುಕೊಂಡದ್ದು ಮಾತ್ರ ಒಗ್ಗಿದ ಒಂದನ್ನು. ಆಮೇಲೆ ಎದ್ದ ವ್ಯಾಪಾರ ಕಂಡು ಕಾನ್ರನ್ ಅವರೇ ಬಹಿರಂಗವಾಗಿ ಪರಿತಪಿಸಿದರು. ಆದ್ದರಿಂದ ನಿಮ್ಮ ಯಜಮಾನರು ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ. ನಾಯಿ ಮಲಗುವ ಕೋಣೆಗೆ ಬರದಿರಲಿ. ಸೀನು ಧೂಳಿನದ್ದೂ ಇರಬಹುದು, ನಾಯಿಯ ಮೇಲೆ ಗೂಬೆ ಕೂರಿಸುವ ಮುಂಚೆ ತಿಳಿದುಕೊಳ್ಳುವುದು ನ್ಯಾಯ.

ನಿಮ್ಮ ಮೇಲೂ ಒಂದು ದೂರಿದೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಪುಟದ ಪತ್ರದಲ್ಲಿ ನಾಯಿಯ ಬಣ್ಣ ಬಂತು, ಕಣ್ಣು ಬಂತು, ಹುಟ್ಟುಹಬ್ಬವೂ ಬಂತು. ಅದು ದಿನವಿಡೀ ಏನು ಮಾಡುತ್ತದೆ ಎಂಬುದು ಎಲ್ಲೂ ಬರಲಿಲ್ಲ. ಪೂಡಲ್ ನೀರಿಗಿಳಿದು, ಗುಂಡೇಟು ತಿಂದ ಬಾತುಕೋಳಿಯನ್ನು ಕಚ್ಚಿಕೊಂಡು ತರುತ್ತಿದ್ದ ನಾಯಿ. ಪ್ರದರ್ಶನಗಳಲ್ಲಿ ನಾವು ನೋಡಿ ನಗುವ ಅದರ ಉಂಡೆ ಉಂಡೆ ಕ್ಷೌರ ಕೂಡ ಈಜಿನ ಸಲುವಾಗಿ ಹುಟ್ಟಿದ್ದು ಎನ್ನುತ್ತಾರೆ: ಕಾಲು ಹಗುರವಾಗಲಿ, ಕೀಲು ಮತ್ತು ಎದೆ ಬೆಚ್ಚಗಿರಲಿ ಎಂದು. ಕಾಕರ್ ಮೂಗು ನೆಲಕ್ಕಿಟ್ಟು ಪೊದೆಯೊಳಗೆ ನುಗ್ಗಿ ವುಡ್‌ಕಾಕ್ ಹಕ್ಕಿಗಳನ್ನು ಎಬ್ಬಿಸುತ್ತಿತ್ತು. ಎರಡೂ ಕಡೆಯಿಂದ ಬೇಟೆಯ ರಕ್ತ ಹರಿದು ಬಂದಿರುವ ಜೀವವನ್ನು ಸೋಫಾದ ಮೇಲೆ ಕೂರಿಸಿ ಗೊಂಬೆ ಅಂದರೆ ಅದು ಏನು ಮಾಡೀತು?

ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಮಹನೀಯರ ಮನೆಯಲ್ಲಿ ಒಂದು ಕಾಕಪೂ ಇದೆ. ಮೇಜಿನ ಮೇಲೆ ಪುಟಗಳಿಟ್ಟು ಅವರು ಕಾಫಿಗೆ ಎದ್ದರೆ, ವಾಪಸು ಬರುವಷ್ಟರಲ್ಲಿ ಒಂದು ಹಾಳೆ ನಾಯಿಯ ಬಾಯಲ್ಲಿರುತ್ತದೆ. ಕಿತ್ತುಕೊಳ್ಳಲು ಹೋದರೆ ಓಟ. ಕೈಚಾಚಿ ಸುಮ್ಮನೆ ಕುಕ್ಕರಗಾಲಲ್ಲಿ ಕೂತರೆ ತಾನಾಗಿ ಬಂದು ಅಂಗೈಗೆ ಇಡುತ್ತದೆ. ಆ ಹಾಳೆ ನನಗೂ ತೋರಿಸಿದರು. ಅಂಚಿನಲ್ಲಿ ಜೊಲ್ಲಿನ ಒದ್ದೆ ಇತ್ತು, ಹಲ್ಲಿನ ಗುರುತು ಒಂದೂ ಇರಲಿಲ್ಲ. ಹಕ್ಕಿಯ ರೆಕ್ಕೆ ಮುರಿಯದಂತೆ ಹಿಡಿಯುವ ಬಾಯಿ ಅದು. ಅವರು ಬುದ್ಧಿವಂತರು, ಬೈಯುವುದು ಬಿಟ್ಟು ಕೆಲಸ ಕೊಟ್ಟರು. ಈಗ ಊಟದ ಅರ್ಧ ಭಾಗವನ್ನು ಬೆಳಿಗ್ಗೆ ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸುತ್ತಾರೆ. ಹತ್ತೇ ನಿಮಿಷ ಮೂಗು ದುಡಿದರೆ ಸಾಕು, ಮಧ್ಯಾಹ್ನದವರೆಗೆ ನಿದ್ದೆ.

ನಿಮ್ಮ ನಾಯಿಯ ಊಳಿಗೂ ಮದ್ದು ಇಲ್ಲಿಂದಲೇ ಶುರು. ಈ ಜಾತಿಯವು ಮನುಷ್ಯರ ಕಾಲಡಿಯಲ್ಲೇ ಇರಬಯಸುತ್ತವೆ. ಮೊದಲು ಮೂಗಿಗೆ ಕೆಲಸ ಕೊಡಿ. ಆಮೇಲೆ ಬಾಗಿಲಾಚೆ ಒಂದು ನಿಮಿಷ ಹೋಗಿ ಬನ್ನಿ, ಅದು ಗಾಬರಿಯಾಗುವ ಮುಂಚೆಯೇ ಮರಳಿ. ಮೆಲ್ಲಗೆ ಹೊತ್ತು ಹೆಚ್ಚಿಸಿ. ಊಳಿಟ್ಟಿತೆಂದು ಹೊಡೆದರೆ ಭಯ ಇಮ್ಮಡಿಯಾಗುತ್ತದೆ, ಅಷ್ಟೆ.

ಕೂದಲು "ಉದುರುವುದಿಲ್ಲ" ಎಂದರಲ್ಲ, ಉದುರಿದ್ದು ಎಲ್ಲಿ ಹೋಗುತ್ತದೆ ಎಂದು ಹೇಳಿದರೇ? ನೆಲಕ್ಕೆ ಬೀಳದೆ ಗುಂಗುರಿನೊಳಗೇ ಸಿಕ್ಕಿಕೊಂಡು ಗಂಟಾಗುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಹಾರ್ನೆಸ್ ಪಟ್ಟಿ ಉಜ್ಜುವ ಕಡೆ. ಬ್ರಷ್ ಮೇಲಿಂದ ಮೇಲೆ ಜಾರಿಹೋಗುತ್ತದೆ, ನಾಯಿ ನಯವಾಗಿ ಕಾಣುತ್ತದೆ. ಅದೇ ಜಾಗದಲ್ಲಿ ಲೋಹದ ಬಾಚಣಿಗೆಯನ್ನು ಬುಡಕ್ಕಿಳಿಸಿ ಎಳೆಯಿರಿ, ಎರಡು ಬೆರಳಗಲ ಹೋಗಿ ನಿಂತುಬಿಡುತ್ತದೆ. ಅಲ್ಲಿ ಕೂದಲು ತುಳಿದ ಕಂಬಳಿಯಂತೆ ಚರ್ಮಕ್ಕೆ ಅಂಟಿರುತ್ತದೆ, ನಾಯಿ ಹೆಜ್ಜೆ ಹಾಕಿದಾಗಲೆಲ್ಲ ಜಗ್ಗುತ್ತದೆ. ಗಂಟಿರುವಾಗ ಸ್ನಾನ ಮಾಡಿಸಬೇಡಿ, ನೀರು ಬಿದ್ದರೆ ಇನ್ನೂ ಬಿಗಿಯುತ್ತದೆ. ಈಗ ಮೈತುಂಬ ಇದೆ ಎನ್ನುತ್ತೀರಿ. ಬಿಡಿಸುವ ಹಟ ಬೇಡ, ಒಮ್ಮೆ ಗಿಡ್ಡವಾಗಿ ಕತ್ತರಿಸಿಬಿಡಲಿ. ಅಂದ ಮತ್ತೆ ಬೆಳೆಯುತ್ತದೆ. ಅಲ್ಲಿಂದ ಮುಂದೆ ದಿನವೂ ಬಾಚಣಿಗೆ, ಆರೆಂಟು ವಾರಕ್ಕೊಮ್ಮೆ ಕತ್ತರಿ.

ದಿನವೂ ಅಂದೆ. ಯಾರು? ನಿಮ್ಮ ಪತ್ರದಲ್ಲಿ ಐದು ಜನರಿದ್ದಾರೆ. ಫೋಟೋ ತೆಗೆಯುವವರು, ಮುದ್ದಿಸುವವರು, ದೂರುವವರು, ತೀರ್ಪು ಕೊಡುವವರು. ಬಾಚುವವರು ನೀವೊಬ್ಬರೇ ಎಂದು ನೀವು ಬರೆದಿಲ್ಲ, ಆದರೂ ಸಾಲುಗಳ ನಡುವೆ ಓದಿಕೊಂಡೆ. ನನ್ನ ಹಳೆಯ ಸಿಟ್ಟು ಇದು: "ಮಕ್ಕಳಿಗೆ ಜವಾಬ್ದಾರಿ ಬರಲಿ" ಎಂದು ನಾಯಿ ತರುತ್ತಾರೆ, ತಿಂಗಳೊಳಗೆ ಆ ಜವಾಬ್ದಾರಿ ಮನೆಯಲ್ಲಿ ಆಗಲೇ ಅತಿ ಹೆಚ್ಚು ದುಡಿಯುವವರ ಹೆಗಲೇರುತ್ತದೆ. ವಯಸ್ಸಾದ ಅತ್ತೆಯ ಔಷಧಿ, ಮಕ್ಕಳ ಹೋಂವರ್ಕು, ಕುಂಡದ ಗಿಡ, ಎಲ್ಲದರದ್ದೂ ಇದೇ ಹಣೆಬರಹ. ಆಸೆ ಪಡುವಾಗ ಇಡೀ ಸಂಸಾರ, ಸೇವೆಗೆ ಒಬ್ಬಳು. ಮಾರುವವರಿಗೆ ಇದು ಗೊತ್ತು, ಅದಕ್ಕೇ "ಏನೂ ಕೆಲಸವಿಲ್ಲದ ನಾಯಿ" ಎಂದು ಕೂಗುತ್ತಾರೆ. ಕೆಲಸ ಇದೆಯೆಂದರೆ ಯಾರ ಕೆಲಸ ಎಂಬ ಪ್ರಶ್ನೆ ಮನೆಯಲ್ಲಿ ಏಳಬೇಕಾಗುತ್ತದಲ್ಲ! ಮೈದುನನವರು ವಾರಕ್ಕೆ ಎರಡು ದಿನ ಬಾಚಣಿಗೆ ಹಿಡಿಯಲಿ. ತಳಿಯ ಮಾತು ಆಮೇಲೆ ಆಡಲಿ.

ಕೊನೆಗೆ, ಮರಿ ಹಾಕಿಸುವ ವಿಚಾರ. ಬೇಡ. ಹೆತ್ತರೆ ನಾಯಿ ಶಾಂತವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾಕಪೂಗೆ ಕಾಕಪೂ ಕೂಡಿಸಿದರೆ ಅಂಥದ್ದೇ ಮರಿ ಹುಟ್ಟುತ್ತದೆಂದೂ ಇಲ್ಲ. ಮೀಸೆ, ಗಡ್ಡ, ಹುಬ್ಬಿನ ಕೂದಲು ಕೊಡುವ ಜೀನು ಯಾವುದೆಂದು 2009ರಲ್ಲೇ ಗುರುತಿಸಿದ್ದಾರೆ. ಅದು ಪೂಡಲ್ ಕಡೆಯಿಂದ ಬಂದದ್ದು. ಪೂಡಲಿಗೂ ಕಾಕರಿಗೂ ನೇರವಾಗಿ ಹುಟ್ಟಿದ ಇಬ್ಬರನ್ನು ಕೂಡಿಸಿದರೆ ಸುಮಾರು ನಾಲ್ಕರಲ್ಲಿ ಒಂದು ಮರಿ ಬೋಳು ಮುಖದ್ದಾಗುತ್ತದೆ. ಅದೇನೂ ದೋಷವಲ್ಲ, ಆದರೆ ಕೊಳ್ಳಬಂದವರು ಮುಖ ತಿರುಗಿಸುತ್ತಾರೆ. ಇದಕ್ಕಿಂತ ದೊಡ್ಡ ಆತಂಕ ಕಣ್ಣಿನದು. ಅಕ್ಷಿಪಟ ಕ್ರಮೇಣ ನಶಿಸುವ ಆನುವಂಶಿಕ ಕಾಯಿಲೆಯ ಒಂದೇ ದೋಷ ಪೂಡಲ್‌ಗಳಲ್ಲೂ ಇದೆ, ಕಾಕರ್‌ಗಳಲ್ಲೂ ಇದೆ. ಎರಡೂ ಕಡೆಯಿಂದ ಬಂದರೆ ಮೊದಲು ರಾತ್ರಿಯ ದೃಷ್ಟಿ ಹೋಗುತ್ತದೆ, ಆಮೇಲೆ ಹಗಲಿನದ್ದೂ. ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ನಿಮಗೆ ಮರಿ ಮಾರಿದವರು ಆ ಕಾಗದ ತೋರಿಸಿದ್ದಾರೆಯೇ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಸಂತಾನಹರಣ ಚಿಕಿತ್ಸೆ ಯಾವಾಗ ಮಾಡಿಸಬಹುದೆಂದು ಪಶುವೈದ್ಯರನ್ನು ಕೇಳಿ. ಜೋಲುಕಿವಿಯೊಳಗೆ ಗಾಳಿಯಾಡದೆ ಸೋಂಕು ಬೆಳೆಯುತ್ತದೆ, ವಾಸನೆ ಬಂದಿದೆಯೆಂದರೆ ಅದು ಆಗಲೇ ನೋಯುತ್ತಿರಬೇಕು. ಮನೆಮದ್ದು ಸುರಿಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ.

– ಸಂ.