ಕೊರಿಯಾದ ಆಫೀಸಿನಲ್ಲಿ ಹಿಡಿಂಕ್ ಹೆಸರು ಬಂದರೆ

ನಮಸ್ಕಾರ. ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಕೆಲಸಕ್ಕೆ ಸೇರುತ್ತಿದ್ದೀರಿ, ಸಂದರ್ಶನದಲ್ಲಿ ಟೀಮ್ ಲೀಡರ್ "ನಮ್ಮದು ಹಿಡಿಂಕ್ ಥರದ ಟೀಮು" ಅಂದರು, ಹಾಗಾದರೆ ಎಲ್ಲರನ್ನೂ ಹೆಸರು ಹಿಡಿದು ಕರೆಯಬಹುದೇ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಗೂಸ್ ಹಿಡಿಂಕ್ ನೆದರ್ಲೆಂಡ್ಸಿನ ಫುಟ್‌ಬಾಲ್ ಕೋಚ್, ಮಾಜಿ ಮಿಡ್‌ಫೀಲ್ಡರ್. ಕೋಚ್ ಆಗಿ 1988ರಲ್ಲಿ ಡಚ್ ಕ್ಲಬ್ ಪಿಎಸ್‌ವಿಗೆ ಯುರೋಪಿಯನ್ ಕಪ್ ಗೆದ್ದುಕೊಟ್ಟವರು. 1998ರ ವಿಶ್ವಕಪ್‌ನಲ್ಲಿ ಅವರ ಡಚ್ ತಂಡ ಕೊರಿಯಾಕ್ಕೆ 5–0 ಹೊಡೆದಿತ್ತು. ಅವರನ್ನೇ 2001ರಲ್ಲಿ ಕೊರಿಯಾ ತನ್ನ ತಂಡದ ಕೋಚ್ ಆಗಿ ಕರೆಸಿಕೊಂಡಿತು.

ಇಲ್ಲಿ ಒಂದೇ ವರ್ಷ ದೊಡ್ಡವನಾದರೂ ಗಂಡಸರು 'ಹ್ಯೊಂಗ್' ಅನ್ನಬೇಕು, ಅಂದರೆ ಅಣ್ಣ. ಆದರೆ ನಮ್ಮ 'ಅಣ್ಣ'ನಂತೆ ಸಲಿಗೆಗೆ ಕರೆದು ಮುಗಿಯುವುದಲ್ಲ, ಕ್ರಿಯಾಪದದ ರೂಪವೇ ಬದಲಾಗುತ್ತದೆ. ಮೈದಾನದಲ್ಲಿ ಅದು ತೊಡಕಾಯಿತು: ಚೆಂಡು ಬೇಕಾದರೂ ಕಿರಿಯರು ಹಿರಿಯರನ್ನು ಕೂಗಿ ಕೇಳಲು ಹಿಂಜರಿಯುತ್ತಿದ್ದರು. ಊಟಕ್ಕೂ ವಯಸ್ಸಿಗೆ ತಕ್ಕ ಮೇಜು. ಹಿಡಿಂಕ್ ಊಟದ ಮೇಜುಗಳನ್ನು ಬೆರೆಸಿದರು, ಆಟದಲ್ಲಿ ಬರಿ ಹೆಸರು ಕೂಗಿ ಅಂದರು. ಕೊರಿಯನ್ನರಿಗೆ ದಮ್ಮಿದೆ, ಕೌಶಲವಿಲ್ಲ ಎಂಬುದು ಇಲ್ಲಿನವರ ನಂಬಿಕೆಯಾಗಿತ್ತು. ಹಿಡಿಂಕ್‌ಗೆ ಕಂಡದ್ದು ತಿರುಗಾಮುರುಗಾ: ಎರಡೂ ಕಾಲಲ್ಲಿ ಚೆಂಡು ಆಡಬಲ್ಲವರಿಗೆ ಸಾಲದೇ ಇದ್ದದ್ದು ದಮ್ಮು. ಓಟದ ಪರೀಕ್ಷೆ ಇಟ್ಟು, ಓಡಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತಾರೆಂದು ಅಳೆದರು. ಅದೇ 2001ರಲ್ಲಿ ಫ್ರಾನ್ಸ್, ಜೆಕ್ ತಂಡಗಳ ಕೈಲಿ ಮತ್ತೆರಡು ಸಲ 5–0 ಸೋತಾಗ ಪತ್ರಿಕೆಗಳು ಹಿಡಿಂಕ್‌ಗೆ 'ಐದು-ಸೊನ್ನೆ' ಅಂತಲೇ ಹೆಸರಿಟ್ಟವು. ಅವರು ದಾರಿ ಬದಲಿಸಲಿಲ್ಲ. 2002ರಲ್ಲಿ ಪೋಲೆಂಡ್ ವಿರುದ್ಧ ಕೊರಿಯಾದ ಮೊದಲ ವಿಶ್ವಕಪ್ ಗೆಲುವು, ಮುಂದೆ ಪೋರ್ಚುಗಲ್, ಇಟಲಿ, ಸ್ಪೇನ್ ದಾಟಿ ನಾಲ್ಕನೇ ಸ್ಥಾನ.

ಗಮನಿಸಿ, ಸಡಿಲವಾದದ್ದು ತಂಡದೊಳಗೆ ಮಾತ್ರ, ಅದೂ ಕೋಚ್ ಹೇಳಿದ ಮೇಲೆ. ನಿಮ್ಮ ಲೀಡರ್ ಹೇಳಿದ್ದೂ ಇಷ್ಟೇ: ಮೀಟಿಂಗಿನಲ್ಲಿ ತಪ್ಪು ಕಂಡರೆ ಸುಮ್ಮನಿರಬೇಡಿ. ಕರೆಯುವ ರೀತಿ ಬೇರೆ ವಿಷಯ. ಕಿಮ್ ಎಂಬ ಮ್ಯಾನೇಜರ್ 'ಕಿಮ್ ಗ್ವಾಜಾಂಗ್‌ನಿಮ್' (ಮನೆತನದ ಹೆಸರು, ಹುದ್ದೆ, ಕೊನೆಗೆ ಗೌರವದ 'ನಿಮ್'). ಸರೀಕರಿಗೆ ಪೂರ್ತಿ ಹೆಸರಿನ ಕೊನೆಗೆ 'ಶಿ' ಸಾಕು. ಹೊಸಬರು ತಪ್ಪುವುದು ಇಲ್ಲೇ: 'ಕಿಮ್ ಶಿ' ಅಂತ ಬರಿ ಮನೆತನದ ಹೆಸರಿಗೆ ಸೇರಿಸಿದರೆ ಅಗೌರವ. ಕೆಲವು ಕಂಪನಿಗಳು ಹುದ್ದೆ ಬಿಟ್ಟು ಎಲ್ಲರಿಗೂ ಹೆಸರಿನ ಜೊತೆ 'ನಿಮ್' ಅನ್ನುತ್ತವೆ; ಮೊದಲ ವಾರ ಕಿವಿಗೊಟ್ಟು ಕೇಳಿ, ಹಾಗೇ ಅನ್ನಿ.

ಯಾವ ವರ್ಷ ಹುಟ್ಟಿದಿರಿ ಅಂತ ಕೇಳಿದರೆ ಬೇಸರ ಬೇಡ. ನಿಮ್ಮ ಜೊತೆ ಯಾವ ರೂಪದಲ್ಲಿ ಮಾತಾಡಬೇಕೆಂದು ತಿಳಿಯಲು ಕೇಳುತ್ತಾರೆ. 'ಚಿಂಗು', ಅಂದರೆ ಗೆಳೆಯ, ಸಾಮಾನ್ಯವಾಗಿ ಓರಗೆಯವರಿಗೆ ಮಾತ್ರ. ಸಲಿಗೆಯ ಮಾತು ಹಿರಿಯರ ಕಡೆಯಿಂದಲೇ ಶುರುವಾಗಲಿ. ರಾತ್ರಿ ಸೋಜು (ಕೊರಿಯಾದ ಮದ್ಯ) ಬಗ್ಗಿಸುವಾಗ ಎರಡೂ ಕೈ ಬಳಸಿ, ಕುಡಿಯುವಾಗ ಹಿರಿಯರ ಎದುರು ಮುಖ ಪಕ್ಕಕ್ಕೆ ತಿರುಗಿಸಿ. ಕುಡಿಯುವುದಿಲ್ಲವಾದರೆ ಕುಳಿತ ತಕ್ಷಣ ಹೇಳಿ, ಲೋಟಕ್ಕೆ ಬಗ್ಗಿಸಿದ ಮೇಲಲ್ಲ.