ಕಾಸರಗೋಡಿನವಳು ಅಂದ್ರೆ ಮಲಯಾಳಿಯಾ?

ಮದುವೆಯಾಗಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಬಂದ ಹೊಸದರಲ್ಲಿ ಪಕ್ಕದ ಮನೆಯವರು ಕೇಳಿದ್ದರು, "ಕಾಸರಗೋಡು ಅಂದ್ರೆ ಕೇರಳ ಅಲ್ವಾ? ಇಷ್ಟು ಚೆಂದ ಕನ್ನಡ ಎಲ್ಲಿ ಕಲಿತೆ?" "ಅಮ್ಮನ ಹತ್ತಿರ" ಅಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಎರಡನೇ ಪ್ರಶ್ನೆ ಪ್ರತಿ ವರ್ಷ ರಾಜ್ಯೋತ್ಸವದ ಹೊತ್ತಿಗೆ ಬರುತ್ತದೆ. "ನಿಮ್ಮೂರು ಕರ್ನಾಟಕಕ್ಕೆ ಯಾವಾಗ ಸೇರುತ್ತೆ?" ಇದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಆ ವರ್ಷ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು, ನಾವು ಕೇರಳಕ್ಕೆ ಹೋದೆವು. ನೀವು ಬಾವುಟ ಹಾರಿಸುವ ದಿನವೇ ನಮ್ಮನ್ನು ಬೇರೆ ಮಾಡಿದ ದಿನ. ನಮ್ಮ ಹಿರಿಯರು ಸುಮ್ನೆ ಕೂರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ನೂರು ವರ್ಷ ಬದುಕಿದರು, ಕೊನೆಯವರೆಗೂ ಕರ್ನಾಟಕಕ್ಕೆ ಸೇರಬೇಕು ಅಂತಲೇ ಹೇಳಿದರು. ಅದೇ ಮಾತಿಗೆ ನಿಂತ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಮಂಜೇಶ್ವರದ ಜನ ಕೇರಳದ ವಿಧಾನಸಭೆಗೇ ಗೆಲ್ಲಿಸಿ ಕಳಿಸಿದರು. 1967ರಲ್ಲಿ, ರಾಜ್ಯಗಳ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ್ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ಅದರಲ್ಲಿತ್ತು. ಜಾರಿಯಾಗಲಿಲ್ಲ. ಬೆಳಗಾವಿ ಗಲಾಟೆ ಎದ್ದಾಗ "ಮಹಾಜನ್ ವರದಿಯೇ ಅಂತಿಮ" ಅಂತ ಇಲ್ಲಿಯವರು ಹೇಳುತ್ತಾರಲ್ಲ, ಅದೇ ವರದಿ. ಅದರಲ್ಲಿ ನಾವೂ ಇದ್ದೇವೆ ಅನ್ನುವುದು ಎಷ್ಟು ಜನಕ್ಕೆ ನೆನಪಿದೆಯೋ.

ಈಗ ನಮ್ಮೂರಲ್ಲಿ ನಕ್ಷೆಯ ಮಾತು ಕಡಿಮೆ. ಜಗಳ ಸಣ್ಣ ಸಣ್ಣ ವಿಷಯಕ್ಕೆ ಇಳಿದಿದೆ. ಸಣ್ಣದು ಅಂದೆ, ಆದರೆ ದಿನಾ ಬಾಳುವುದು ಅದರೊಳಗೇ.

ಹೋದ ಕಾರ್ತೀಕದಲ್ಲಿ ನಡೆದದ್ದು ಹೇಳುತ್ತೇನೆ. ರಾತ್ರಿ ಅಡಿಕೆ ಸುಲಿಯುತ್ತಿದ್ದೆವು. ಇಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪು ಮಾಡುತ್ತಾರೆ. ನಮ್ಮಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುವುದು, ಹಾಗಾಗಿ ಮೆಟ್ಟುಗತ್ತಿಯ ಮೇಲೆ ನನ್ನ ಕೈ ಇನ್ನೂ ನಿಧಾನ. ಆಗ ಅಪ್ಪ ವಾಟ್ಸಾಪಿನಲ್ಲಿ ಒಂದು ಕಾಗದದ ಫೋಟೊ ಕಳಿಸಿ ಫೋನ್ ಮಾಡಿದರು. ಜಾಗದ ವಿಚಾರಕ್ಕೆ ಒಂದು ಕಚೇರಿಯಿಂದ ಬಂದದ್ದು. ಪೂರ್ತಿ ಮಲಯಾಳ. ಅಪ್ಪ ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನನಗೆ ಬಸ್ಸಿನ ಬೋರ್ಡು ನೋಡಿ ಕಲಿತ ಅಕ್ಷರ. ಚೊಗರು ಹತ್ತಿದ ಬೆರಳಲ್ಲಿ ಫೋಟೊ ಹಿಗ್ಗಿಸಿ, ಕೂಡಿಸಿ ಕೂಡಿಸಿ ಓದಿದೆ. ಸುಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಅತ್ತೆ ಕೇಳಿದರು, "ಅಲ್ಲೇ ಕೂತವರಿಗೆ ಓದಲು ಆಗದ್ದನ್ನು ಯಾಕೆ ಕಳಿಸ್ತಾರೆ?"

ಕನ್ನಡದ ಮತ್ತು ತಮಿಳಿನ ಜನ ಸರಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಉಂಟು. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಯೂ ಉಂಟು. ಕಾಗದದ ಮೇಲೆ ನಮಗೆ ಏನೂ ಕಡಿಮೆ ಇಲ್ಲ.

ಶಾಲೆಯ ಕತೆಯೂ ಹೀಗೇ. ಅಕ್ಕನ ಮಗನ ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಟೀಚರ್ ಬಂದರು. ಒಳ್ಳೆಯವರೇ, ಪಾಪ. ಪಾಠ ಮಾತ್ರ ಯಾರಿಗೂ ತಲೆಗೆ ಹೋಗಲಿಲ್ಲ. ಮಕ್ಕಳು ಗೇಟಿನ ಹತ್ತಿರ ಕೂತು ಪ್ರತಿಭಟನೆ ಮಾಡಿದರು. ಅವನಿಗೆ ಆಗ ಹನ್ನೆರಡು ವರ್ಷ. ಹೋರಾಟ ಅಂದರೆ ಅವನಿಗೆ ಗೊತ್ತಿರುವುದು ಅದು. ಮಹಾಜನ್ ಯಾರು ಅಂತ ಕೇಳಿದರೆ ಗೊತ್ತಿಲ್ಲ.

ಇದನ್ನು ಮಲಯಾಳಿಗಳ ಮೇಲಿನ ಸಿಟ್ಟು ಅಂದುಕೊಳ್ಳಬೇಡಿ. ನಮ್ಮ ಒಂದು ಪೇಟೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಕೇಳುತ್ತದೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಅವರ ಪಕ್ಷ ಮುಸ್ಲಿಂ ಲೀಗ್.

ಇನ್ನು ಕರ್ನಾಟಕ. ಸಿಇಟಿಯಲ್ಲಿ ಗಡಿನಾಡಿನ ಮಕ್ಕಳಿಗೆ ಅವಕಾಶ ಇದೆ, ಒಪ್ಪುತ್ತೇನೆ. ಆದರೆ 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು ಕರ್ನಾಟಕದ ಕಡೆಯಿಂದ. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ಐವತ್ತು ಕಿಲೋಮೀಟರ್. ಆಂಬುಲೆನ್ಸ್ ಕೂಡ ಗಡಿಯ ತಲಪಾಡಿಯಲ್ಲಿ ನಿಂತಿತು. ವಿಷಯ ಕೋರ್ಟಿಗೆ ಹೋಯಿತು. ಆ ದಿನಗಳಲ್ಲಿ ಅಪ್ಪ ಕರ್ನಾಟಕದ ಸುದ್ದಿ ಚಾನೆಲ್ ಹಾಕುವುದನ್ನೇ ಬಿಟ್ಟಿದ್ದರು.

ಅದಕ್ಕೇ, ಯಾವಾಗ ಸೇರುತ್ತೀರಿ ಅಂತ ಯಾರಾದರೂ ಕೇಳಿದರೆ ನಾನು ಆ ಕಾಗದದ ಕತೆ ಹೇಳುತ್ತೇನೆ. ಅಪ್ಪ ಅದಕ್ಕೆ ಉತ್ತರ ಬರೆದರು. ಕನ್ನಡದಲ್ಲೇ, ಒಳ್ಳೆ ದುಂಡು ಅಕ್ಷರದಲ್ಲಿ. "ದಯವಿಟ್ಟು ಕನ್ನಡದಲ್ಲಿ ತಿಳಿಸಿ" ಅನ್ನುವ ಸಾಲಿಗೆ ಕೆಳಗೆ ಗೆರೆ ಎಳೆದು, ಅಂಚೆಗೆ ಹಾಕುವ ಮೊದಲು ನನಗೊಂದು ಫೋಟೊ ಕಳಿಸಿದರು. ನಾನು ಅದನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹುಡುಕಿಕೊಂಡು ಬಂದು, ತಾವೇ ಓದಿದರು.