ಆಫೀಸ್ ತಂಡಕ್ಕೆ ಟೀಮ್ ಬಿಲ್ಡಿಂಗ್ ಚಟುವಟಿಕೆ ಹೇಗೆ ಆರಿಸುವುದು?

ನೀವು ಬರೆದಿರುವುದು ಇಷ್ಟು: ಮೈಸೂರಿನ ಆಫೀಸಿನಲ್ಲಿ 24 ಜನ ಇದ್ದೀರಿ. ಆರ್ಡರ್ ತೆಗೆದುಕೊಳ್ಳುವವರಿಗೂ ಪ್ಯಾಕಿಂಗ್‌ನವರಿಗೂ ಆಗಿಬರುವುದಿಲ್ಲ. ಮ್ಯಾನೇಜರ್ 15,000 ರೂಪಾಯಿ ಕೊಟ್ಟು, ಒಂದು ದಿನ ಟೀಮ್ ಬಿಲ್ಡಿಂಗ್ ಮಾಡಿಸಿ ಅಂದಿದ್ದಾರೆ. ಎರಡೂ ಕಡೆಯವರಿಗೆ ಹಗ್ಗಜಗ್ಗಾಟ, ಕ್ರಿಕೆಟ್ ಇಡೋಣ ಅಂತ ನಿಮ್ಮ ಯೋಚನೆ.

ದಯವಿಟ್ಟು ಅದೊಂದನ್ನು ಮಾಡಬೇಡಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ, ಇಂಥ ದಿನಗಳನ್ನು ನಡೆಸುವುದು ನನ್ನ ಪಾಲಿಗೇ ಬರುತ್ತದೆ. ಮೊದಲೇ ಮುಖ ತಿರುಗಿಸಿಕೊಂಡಿರುವ ಎರಡು ಗುಂಪುಗಳನ್ನು ಎದುರುಬದುರು ನಿಲ್ಲಿಸಿದರೆ ಸೋತವರು ಸೋಮವಾರದವರೆಗೂ ಮರೆಯುವುದಿಲ್ಲ. ಗೆದ್ದವರು ಮರೆಯಲು ಬಿಡುವುದೂ ಇಲ್ಲ.

ಇದು ನನ್ನೊಬ್ಬಳ ಅನುಭವ ಅಲ್ಲ. 1954ರಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒಕ್ಲಹೋಮಾದಲ್ಲಿ, ರಾಬರ್ಸ್ ಕೇವ್ ಅನ್ನುವ ಜಾಗದಲ್ಲಿ, 22 ಹುಡುಗರ ಬೇಸಿಗೆ ಶಿಬಿರ ನಡೆಸಿದರು. ಹುಡುಗರನ್ನು ಎರಡು ಗುಂಪು ಮಾಡಿ ಬೇಸ್‌ಬಾಲ್, ಹಗ್ಗಜಗ್ಗಾಟ ಆಡಿಸಿದರು. ಸ್ವಲ್ಪ ದಿನದಲ್ಲೇ ಬೈದಾಟ ಶುರುವಾಯಿತು, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು. ಆಮೇಲೆ ಎರಡೂ ಗುಂಪನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಏನೂ ಬದಲಾಗಲಿಲ್ಲ, ಊಟದ ಮನೆಯಲ್ಲಿ ತಿನ್ನುವ ಪದಾರ್ಥವನ್ನೇ ಎರಚಾಡಿಕೊಂಡರು. ಜಗಳ ಇಳಿದದ್ದು ಎರಡೂ ಗುಂಪಿಗೆ ಬೇಕಾದ ಕೆಲಸ ಎದುರಾದಾಗ. ಶಿಬಿರಕ್ಕೆ ನೀರು ನಿಂತುಹೋಯಿತು, ಎಲ್ಲರೂ ಸೇರಿ ಹುಡುಕಿ ಸರಿಮಾಡಿದರು. ಊಟ ತರುವ ಲಾರಿ ಸ್ಟಾರ್ಟ್ ಆಗಲಿಲ್ಲ, ಹಗ್ಗಜಗ್ಗಾಟಕ್ಕೆ ಬಳಸಿದ ಅದೇ ಹಗ್ಗ ಕಟ್ಟಿ ಎರಡೂ ಗುಂಪು ಒಂದೇ ಕಡೆಗೆ ಎಳೆದವು. ಮಕ್ಕಳಿಗೆ ತಿಳಿಸದೆ ಮಾಡಿದ ಪ್ರಯೋಗ ಇದು, ಆ ರೀತಿ ನನಗೆ ಹಿಡಿಸುವುದಿಲ್ಲ. ಆದರೆ ಅಲ್ಲಿ ಕಂಡದ್ದನ್ನೇ ನಾನು ನಮ್ಮ ಕಾರ್ಖಾನೆಯ ಶಾಪ್ ಫ್ಲೋರ್‌ನಲ್ಲೂ ಕಂಡಿದ್ದೇನೆ.

ಹಾಗಾಗಿ ಯಾವ ಚಟುವಟಿಕೆ ಆರಿಸಿದರೂ ಇದೊಂದನ್ನು ನೋಡಿಕೊಳ್ಳಿ. ಪ್ರತಿ ಗುಂಪಿನಲ್ಲಿ ನಾಲ್ಕೇ ಜನ ಇರಲಿ, ಅದರಲ್ಲಿ ಆರ್ಡರ್ ಕಡೆಯವರು ಇಬ್ಬರು, ಪ್ಯಾಕಿಂಗ್ ಕಡೆಯವರು ಇಬ್ಬರು. ನಿಮಗೆ ಆರು ಗುಂಪು ಆಗುತ್ತದೆ. ಗುಂಪು ದೊಡ್ಡದಾದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಫೋನ್ ನೋಡುತ್ತಾರೆ.

ನಿಮ್ಮ ತಂಡಕ್ಕೆ ನಾನು ಮೊದಲು ಹೇಳುವುದು ಬೆನ್ನಿಗೆ ಬೆನ್ನು ಕೊಟ್ಟು ಚಿತ್ರ ಬರೆಯುವ ಆಟ. ಇಬ್ಬಿಬ್ಬರು ಬೆನ್ನು ಮಾಡಿ ಕೂರುತ್ತಾರೆ. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ, ಪೆನ್ಸಿಲ್. ಚಿತ್ರದಲ್ಲಿ ಏನಿದೆ ಅಂತ ಹೇಳಬಹುದು, ತೋರಿಸುವ ಹಾಗಿಲ್ಲ. ಮೊದಲ ಸುತ್ತಿನಲ್ಲಿ ಬರೆಯುವವರು ಪ್ರಶ್ನೆ ಕೇಳಬಾರದು. ಎರಡನೇ ಸುತ್ತಿನಲ್ಲಿ ಎಷ್ಟು ಬೇಕಾದರೂ ಕೇಳಬಹುದು. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 'ಮೇಲೆ ಒಂದು ಡಬ್ಬ' ಅಂತ ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಚೌಕ, ಕೇಳಿದವರು ಬರೆದದ್ದು ಮುಚ್ಚಳ ಇರುವ ಡಬ್ಬಿ! ನಿಮ್ಮಲ್ಲಿ ಆರ್ಡರ್ ತಪ್ಪುವುದೂ ಹೀಗೇ ಅಲ್ವಾ? ಅದನ್ನು ನೀವು ಹೇಳಬೇಡಿ. ಆಟ ಮುಗಿದ ಮೇಲೆ ಹದಿನೈದು ನಿಮಿಷ ಸುಮ್ನೆ ಮಾತಾಡಲು ಬಿಡಿ, ಅವರಲ್ಲೇ ಯಾರಾದರೂ ಹೇಳುತ್ತಾರೆ. ಈ ಹದಿನೈದು ನಿಮಿಷ ಇಲ್ಲದಿದ್ದರೆ ಉಳಿದದ್ದು ಬರೀ ಮೋಜು.

ಎರಡನೆಯದು ಮಾರ್ಷ್‌ಮ್ಯಾಲೋ ಗೋಪುರ. ಮಾರ್ಷ್‌ಮ್ಯಾಲೋ ಅಂದರೆ ಮೆತ್ತಗಿನ ಸಕ್ಕರೆ ಮಿಠಾಯಿ. ಪ್ರತಿ ಗುಂಪಿಗೆ 20 ಒಣ ಸ್ಪಗೆಟಿ (ಉದ್ದನೆಯ ಪಾಸ್ತಾ) ಕಡ್ಡಿ, ಒಂದು ಗಜ ಟೇಪ್, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೋ. 18 ನಿಮಿಷದಲ್ಲಿ ತಾನೇ ನಿಲ್ಲುವ ಗೋಪುರ ಕಟ್ಟಬೇಕು, ತುದಿಯಲ್ಲಿ ಮಾರ್ಷ್‌ಮ್ಯಾಲೋ ಇರಬೇಕು. ಪೀಟರ್ ಸ್ಕಿಲ್‌ಮನ್ ಶುರುಮಾಡಿದ ಈ ಆಟದ ಬಗ್ಗೆ ಟಾಮ್ ವುಜೆಕ್ 2010ರಲ್ಲಿ ಟೆಡ್ ಎಂಬ ಭಾಷಣ ವೇದಿಕೆಯಲ್ಲಿ ಮಾತಾಡಿದ್ದಾರೆ. ಎಂಬಿಎ ಓದಿದವರಿಗಿಂತ ಪುಟ್ಟ ಮಕ್ಕಳು ಎತ್ತರ ಕಟ್ಟುತ್ತಾರಂತೆ. ದೊಡ್ಡವರು ಚರ್ಚೆ ಮಾಡುತ್ತಾ ಕೂತು, ಕೊನೆಯ ಗಳಿಗೆಯಲ್ಲಿ ಮಾರ್ಷ್‌ಮ್ಯಾಲೋ ಇಡುತ್ತಾರೆ, ಗೋಪುರ ಕುಸಿಯುತ್ತದೆ. ಮಕ್ಕಳು ಮೊದಲಿಂದಲೇ ಅದನ್ನು ಇಟ್ಟು ನೋಡುತ್ತಾ ಹೋಗುತ್ತಾರೆ. ಸಾಮಾನೆಲ್ಲ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ, ಖರ್ಚು ಜಾಸ್ತಿ ಇಲ್ಲ.

ಮಧ್ಯಾಹ್ನ ಊಟದ ಮೇಲೆ ಆಟ ಸಾಕು. ಹೋದ ತಿಂಗಳು ನಿಜವಾಗಿ ತಪ್ಪಿದ ಒಂದು ಆರ್ಡರ್ ತೆಗೆದುಕೊಳ್ಳಿ. ಯಾರ ಹೆಸರೂ ಅದರಲ್ಲಿ ಇರಬಾರದು. ಫೋನ್ ಬಂದ ಕ್ಷಣದಿಂದ ಪೆಟ್ಟಿಗೆ ಹೊರಗೆ ಹೋಗುವವರೆಗಿನ ದಾರಿಯನ್ನು ಪ್ರತಿ ಗುಂಪೂ ಗೋಡೆಗೆ ಅಂಟಿಸಿದ ಚಾರ್ಟ್ ಮೇಲೆ ಬರೆಯಲಿ. ಎಲ್ಲಿ ಸಿಕ್ಕು ಬೀಳುತ್ತಿದೆ, ಯಾವ ಒಂದು ಬದಲಾವಣೆ ಮಾಡಬಹುದು ಅಂತ ಅವರೇ ಹೇಳಲಿ. ಆ ಶಿಬಿರದ ಹುಡುಗರು ಸೇರಿ ಎಳೆದ ಲಾರಿಯ ಹಾಗೆ, ನಿಮ್ಮ ಪಾಲಿನ ಲಾರಿ ಇದೇ. ಮ್ಯಾನೇಜರ್ ಆಗ ಇರಲೇಬೇಕು, ಬಂದ ಸಲಹೆಗಳಲ್ಲಿ ಒಂದನ್ನಾದರೂ ಅಲ್ಲೇ ಒಪ್ಪಬೇಕು. ಇದನ್ನು ಮೊದಲೇ ಅವರ ಹತ್ತಿರ ಮಾತಾಡಿಟ್ಟುಕೊಳ್ಳಿ. ಒಪ್ಪುವುದಿಲ್ಲ ಅಂದರೆ ಈ ಭಾಗವನ್ನೇ ಬಿಡಿ. ಜನರ ಬಾಯಿ ಬಿಡಿಸಿ ಆಮೇಲೆ ಕಡೆಗಣಿಸಿದರೆ ಮುಂದಿನ ಸಲ ಯಾರೂ ಮಾತಾಡುವುದಿಲ್ಲ.

ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು, ಒಬ್ಬರನ್ನೊಬ್ಬರು ಎತ್ತುವುದು, ಮನೆ ವಿಷಯ ಎಲ್ಲರೆದುರು ಹೇಳಿಸುವುದು ಇವೆಲ್ಲ ಬೇಡ. ಮಂಡಿ ನೋವು ಇರುವವರು, ಬಸುರಿ ಹೆಂಗಸರು, ಮೈ ಮುಟ್ಟಿಸಿಕೊಳ್ಳಲು ಇಷ್ಟ ಇಲ್ಲದವರು ಬಾಯಿಬಿಟ್ಟು ಹೇಳದೆ ಒಳಗೇ ಸಂಕಟ ಪಡುತ್ತಾರೆ. ಮೈದಾನದ ಆಟ ಬೇಕೇ ಬೇಕು ಅಂದರೆ ಲಗೋರಿ ಇಡಿ, ತಂಡಗಳನ್ನು ಬೆರೆಸಿ, ಇಷ್ಟ ಇದ್ದವರು ಮಾತ್ರ ಆಡಲಿ.

ಭಾನುವಾರ ಇಡಬೇಡಿ. ಕೆಲಸದ ದಿನ, ಕೆಲಸದ ಸಮಯದಲ್ಲೇ ಮಾಡಿ. ರಜೆ ಕಿತ್ತುಕೊಂಡು ಒಗ್ಗಟ್ಟು ಕಲಿಸಲು ಹೋದರೆ ಮನೆಯಲ್ಲಿ ಮಕ್ಕಳಿರುವವರು ಮೊದಲು ಮುನಿಯುತ್ತಾರೆ. ಆಫೀಸಿನಲ್ಲೇ ಜಾಗ ಇದ್ದರೆ ಹಾಲ್ ಬಾಡಿಗೆ ಉಳಿಯುತ್ತದೆ, ಆ ದುಡ್ಡನ್ನು ಊಟಕ್ಕೆ ಹಾಕಿ. ಒಬ್ಬರಿಗೆ 300 ರೂಪಾಯಿ ಲೆಕ್ಕ ಹಿಡಿದರೂ 7,200 ಆಗುತ್ತದೆ, ಉಳಿದದ್ದು ಸಾಮಾನಿಗೆ, ಕಾಫಿಗೆ ಧಾರಾಳ. ಯಾರಿಗೆ ಉಪವಾಸ, ಯಾರು ಈರುಳ್ಳಿ ತಿನ್ನುವುದಿಲ್ಲ ಅಂತ ಹಿಂದಿನ ದಿನವೇ ಕೇಳಿ ಬರೆದುಕೊಳ್ಳಿ.